ಸತ್ತ ಚೈನ್‌ಸಾ: ಮೊದಲು ಬಿಚ್ಚಿ ನೋಡಿ, ಆಮೇಲೆ ಹುಬ್ಬಳ್ಳಿ ಬಸ್ ಹತ್ತಿ

ಹಾನಗಲ್ ಕಡೆ ನಮ್ಮ ಮಾಮಾನದೊಂದು ಮಾವಿನ ತೋಟವಿದೆ. ಅಲ್ಲಿ ಪಂಪ್‌ಸೆಟ್ ಮನೆಯ ಮೂಲೆಯಲ್ಲಿ, ಗೊಬ್ಬರದ ಖಾಲಿ ಚೀಲಗಳ ಕೆಳಗೆ, ಕೇಸರಿ ಬಣ್ಣದ ಕಟ್ಟಿಗೆ ಕೊಯ್ಯೋ ಮಷಿನ್ ಒಂದು ಮೂರು ವರ್ಷದಿಂದ ಬಿದ್ದಿತ್ತು. ಸ್ಟಿಕ್ಕರ್ ಅರ್ಧ ಕಿತ್ತುಹೋಗಿದೆ. ಕಂಪನಿ ಹೆಸರು ಕಾಣುವುದಿಲ್ಲ, ‘58’ ಅನ್ನುವುದು ಮಾತ್ರ ಉಳಿದಿದೆ. "ತಗೊಂಡ್ ಹೋಗಪಾ, ಗುಜರಿಗೆ ಹಾಕೂದಕಿಂತ ನೀನರ ಏನಾರ ಮಾಡು" ಅಂದ ಮಾಮಾ.

ಧಾರವಾಡಕ್ಕೆ ತಂದು ಅವತ್ತೇ ಬಿಚ್ಚಿದೆ. ಪಿಸ್ಟನ್ ಗೀರು ಬಿದ್ದಿತ್ತು. ಇಷ್ಟೇ ತಾನೇ ಅಂತ ಹುಬ್ಬಳ್ಳಿಗೆ ಹೋಗಿ ಹೊಸ ಪಿಸ್ಟನ್, ರಿಂಗ್ ತಂದು ಹಾಕಿದೆ. ಮೂರನೇ ಎಳೆತಕ್ಕೆ ಚಾಲೂ ಆಯಿತು. ಎರಡು ದಿನ ಒಣ ಟೊಂಗೆ ಕೊಯ್ದೆ, ಮೂರನೇ ದಿನ ಮಷಿನ್ ಇದ್ದಕ್ಕಿದ್ದ ಹಾಗೆ ಕಿರುಚಿಕೊಂಡು ನಿಂತಿತು. ಮತ್ತೆ ಬಿಚ್ಚಿದರೆ ಹೊಸ ಪಿಸ್ಟನ್‌ಗೂ ಅದೇ ಜಾಗದಲ್ಲಿ ಅದೇ ಗೀರು! ಕಾರಣ ಇಷ್ಟೇ: ಕಾರ್ಬೊರೇಟರ್‌ಗೂ ಸಿಲಿಂಡರ್‌ಗೂ ನಡುವೆ ಇರುವ ರಬ್ಬರ್ ತುಂಡಿನಲ್ಲಿ ಕೂದಲೆಳೆಯಷ್ಟು ಸೀಳು. ಅಲ್ಲಿಂದ ಬರಿ ಗಾಳಿ ಎಳೆದುಕೊಂಡು, ಪೆಟ್ರೋಲ್ ಜೊತೆ ಬರಬೇಕಾದ ಆಯಿಲ್ ಕಡಿಮೆಯಾಗಿ, ಪಿಸ್ಟನ್ ಕಾದು ಹಿಡಿದುಕೊಂಡಿತ್ತು. ಪಿಸ್ಟನ್ ಸೆಟ್‌ನ ಮುಂದೆ ಆ ರಬ್ಬರ್‌ನ ಬೆಲೆ ಏನೇನೂ ಅಲ್ಲ. ಅದಕ್ಕೇ ಇಲ್ಲಿ ಸ್ಪೇರ್ ಹುಡುಕುವ ಮಾತು ಅರ್ಧ ದಾರಿ ಕಳೆದ ಮೇಲೆ ಬರುತ್ತದೆ. ಮೊದಲು ಅದು ಯಾಕೆ ಸತ್ತಿತು ಅನ್ನುವುದು ಗೊತ್ತಾಗಲಿ.

ಪಾನಾ ಹಿಡಿಯುವ ಮುಂಚೆ

ಹಳೇ ಪೆಟ್ರೋಲ್ ಚೆಲ್ಲಿ. ಅಡುಗೆಮನೆ ಹತ್ತಿರ ಅಲ್ಲ, ಹೊರಗೆ ಅಂಗಳದಲ್ಲಿ. ಬಾರ್ (ಚೈನ್ ಓಡುವ ಉದ್ದ ಪಟ್ಟಿ), ಚೈನ್ ಎರಡನ್ನೂ ತೆಗೆದು ಪಕ್ಕಕ್ಕಿಡಿ. ಮರದ ಪುಡಿ ಮತ್ತು ಆಯಿಲ್ ಸೇರಿ ಹಿಟ್ಟಿನ ಮುದ್ದೆ ಹಾಗೆ ಕೂತಿರುತ್ತದೆ, ಅದನ್ನು ಡೀಸೆಲ್ ಹಚ್ಚಿದ ಬ್ರಶ್‌ನಿಂದ ತಿಕ್ಕಿ ತೆಗೆಯಿರಿ. ಸಿಲಿಂಡರ್‌ನ ರೆಕ್ಕೆಗಳ ನಡುವೆ ಇರುವ ಕಸವನ್ನು ಮರೆಯಬೇಡಿ. ಎಷ್ಟೋ ಮಷಿನ್ ಕಾದು ಸಾಯುವುದು ಆ ಕಸದಿಂದಲೇ.

ಈಗ ಒಂದು ಬಿಟ್ಟಿ ಪರೀಕ್ಷೆ. ಸ್ಪಾರ್ಕ್ ಪ್ಲಗ್ ಹಾಕಿಯೇ ಇರಲಿ, ಸ್ವಿಚ್ ಆಫ್ ಇರಲಿ. ಸ್ಟಾರ್ಟರ್ ಹಗ್ಗದ ಹಿಡಿಕೆ ಹಿಡಿದು ಇಡೀ ಮಷಿನ್ ಎತ್ತಿ ತೂಗುಬಿಡಿ. ತಡೆದು ತಡೆದು ನಿಧಾನಕ್ಕೆ ಕೆಳಗಿಳಿದರೆ ಕಂಪ್ರೆಶನ್, ಅಂದರೆ ಸಿಲಿಂಡರ್ ಒಳಗಿನ ಒತ್ತಡ, ಪರವಾಗಿಲ್ಲ. ಬಾವಿಗೆ ಬಿಟ್ಟ ಕೊಡದ ಹಾಗೆ ಸರ್ರನೆ ಇಳಿದರೆ ಪಿಸ್ಟನ್, ರಿಂಗ್, ಸಿಲಿಂಡರ್ ಇವುಗಳಲ್ಲಿ ಏನೋ ಹೋಗಿದೆ. ಗೇಜ್ ಇದ್ದವರು ಪ್ಲಗ್ ತೂತಿಗೆ ಹಾಕಿ ನೋಡಿ. ಈ ಸೈಜಿನ ಮಷಿನ್ ಚೆನ್ನಾಗಿದ್ದರೆ 150 ಪಿಎಸ್‌ಐ ಆಸುಪಾಸು ತೋರಿಸುತ್ತದೆ, 100ಕ್ಕಿಂತ ಕೆಳಗೆ ಬಂದರೆ ಚಾಲೂ ಆಗುವುದೇ ಕಷ್ಟ.

ಪ್ಲಗ್ ಬಿಚ್ಚಿ ಅದರ ಲೋಹದ ಭಾಗವನ್ನು ಸಿಲಿಂಡರ್‌ಗೆ ತಾಗಿಸಿ ಹಿಡಿದು ಹಗ್ಗ ಎಳೆದರೆ ಕಿಡಿ ಕಾಣಬೇಕು. ಹತ್ತಿರ ಪೆಟ್ರೋಲ್ ಇಡಬೇಡಿ, ಪ್ಲಗ್ ತೂತಿನಿಂದ ದೂರ ಹಿಡಿಯಿರಿ. ಕಿಡಿ ಇಲ್ಲ ಅಂದ ಕೂಡಲೇ ಕಿಡಿಗೆ ಕರೆಂಟ್ ಕೊಡುವ ಕಾಯಿಲ್ ಕೊಳ್ಳಲು ಓಡಬೇಡಿ. ಸ್ವಿಚ್‌ಗೆ ಹೋಗುವ ತೆಳು ವೈರ್ ಎಲ್ಲೋ ಸುಲಿದು ಬಾಡಿಗೆ ತಾಗಿದ್ದರೂ ಕಿಡಿ ಬರುವುದಿಲ್ಲ, ಆ ವೈರನ್ನು ಕಾಯಿಲ್ ಕಡೆಯಿಂದ ಬಿಚ್ಚಿ ಇನ್ನೊಮ್ಮೆ ಎಳೆದು ನೋಡಿ. ಫ್ಲೈವೀಲ್ ಮತ್ತು ಕಾಯಿಲ್ ನಡುವೆ 0.2ರಿಂದ 0.3 ಎಂಎಂ ಸಂದು ಸಾಕು. ಲಗ್ನಪತ್ರಿಕೆಯ ರಟ್ಟಿನ ಒಂದು ಚೂರು ನಡುವೆ ಇಟ್ಟು ಬೋಲ್ಟ್ ಬಿಗಿ ಮಾಡಿ ಎಳೆದುಕೊಂಡರೆ ಆಯಿತು. ಮಷಿನ್ ತಿರುಗಿಸಿ ಹೊಡೆಯುತ್ತದೆ, ಹಗ್ಗ ಕೈ ಕಿತ್ತುಕೊಂಡು ಹೋಗುತ್ತದೆ ಅಂದರೆ ಫ್ಲೈವೀಲ್‌ನ ಕೀಲಿ ಮುರಿದು ಟೈಮಿಂಗ್ ಸರಿದಿರಬಹುದು, ಅದನ್ನೂ ನೋಡಿ.

ಸೈಲೆನ್ಸರ್ ಬಿಚ್ಚಿದರೆ ಅರ್ಧ ಕಥೆ ಗೊತ್ತಾಗುತ್ತದೆ

ಎರಡು ಬೋಲ್ಟ್ ಅಷ್ಟೇ. ಸೈಲೆನ್ಸರ್ ತೆಗೆದು, ಹಗ್ಗವನ್ನು ಮೆಲ್ಲಗೆ ಎಳೆಯುತ್ತ ಮೊಬೈಲ್ ಟಾರ್ಚ್ ಬಿಟ್ಟು ಒಳಗೆ ನೋಡಿ. ಪಿಸ್ಟನ್‌ನ ಪಕ್ಕ ಮತ್ತು ರಿಂಗ್ ಎರಡೂ ಕಾಣುತ್ತವೆ. ಸೈಲೆನ್ಸರ್ ಬದಿಗೆ ಮಾತ್ರ ಗೀರು ಇದ್ದರೆ ಮಷಿನ್ ಕಾದಿದೆ, ಅಂದರೆ ಗಾಳಿ ಜಾಸ್ತಿ ಎಳೆದಿದೆ ಇಲ್ಲವೇ ಪೆಟ್ರೋಲ್ ಸಾಲದಾಗಿದೆ. ಸುತ್ತಲೂ ಗೀರು ಇದ್ದರೆ ಯಾರೋ ಪೆಟ್ರೋಲ್‌ಗೆ ಕಲಸುವ 2ಟಿ ಆಯಿಲ್ ಹಾಕದೆ ಬರಿ ಪೆಟ್ರೋಲ್ ಹೊಯ್ದಿದ್ದಾರೆ. (ಮನೆಯಲ್ಲಿ ಕೇಳಿದರೆ ಯಾರೂ ಒಪ್ಪಿಕೊಳ್ಳುವುದಿಲ್ಲ ಬಿಡಿ.) ಕಾರ್ಬೊರೇಟರ್ ಬದಿಗೆ ಮಬ್ಬು ಹಿಡಿದು ಸವೆದಿದ್ದರೆ ಏರ್ ಫಿಲ್ಟರ್ ಹರಿದು ಧೂಳು ಒಳಗೆ ಹೋಗಿದೆ. ಆ ಬದಿಯನ್ನು ಕಾರ್ಬೊರೇಟರ್ ಬಿಚ್ಚಿದಾಗ ನೋಡಬಹುದು.

ಮೊದಲ ಸಲ ನಾನು ಇದನ್ನು ನೋಡಿದ್ದೆ, ಗೀರು ಸೈಲೆನ್ಸರ್ ಬದಿಗೇ ಇತ್ತು. ಆದರೆ ಅದರ ಅರ್ಥ ಏನು ಅಂತ ಯೋಚಿಸಿರಲಿಲ್ಲ.

ಪಿಸ್ಟನ್ ಚೆನ್ನಾಗಿ ಕಂಡರೆ ಸಿಲಿಂಡರ್ ಮುಟ್ಟಲೇಬೇಡಿ, ನೇರ ಕಾರ್ಬೊರೇಟರ್ ಭಾಗಕ್ಕೆ ಹೋಗಿ. ಮೂಲೆಗೆ ಬಿದ್ದ ಮಷಿನ್‌ಗಳಲ್ಲಿ ಜಾಸ್ತಿ ಹಾಳಾಗುವುದು ಕಾರ್ಬೊರೇಟರ್ ಮತ್ತು ಪೆಟ್ರೋಲ್ ಪೈಪೇ.

ಬಿಚ್ಚುವುದು

ಚೀನಾ ಮಷಿನ್‌ಗಳಿಗೆ 4 ಮತ್ತು 5 ಎಂಎಂ ಆಲನ್ ಕೀ ಬೇಕು, ಸ್ಟಿಲ್ (Stihl) ಕಂಪನಿಯ ಮಷಿನ್‌ಗಳಿಗೆ ಟಿ27 ಅನ್ನುವ ನಕ್ಷತ್ರದ ಆಕಾರದ ಕೀ. ಉದ್ದ ಹಿಡಿಕೆಯದನ್ನೇ ತನ್ನಿ, ಕೆಲವು ಬೋಲ್ಟ್ ಆಳದಲ್ಲಿ ಅಡಗಿರುತ್ತವೆ. ಪ್ರತಿ ಹಂತಕ್ಕೂ ಫೋಟೊ ಹೊಡೆಯಿರಿ. ಬೋಲ್ಟ್‌ಗಳನ್ನು ರಟ್ಟಿನ ಮೇಲೆ ಮಷಿನ್ ಚಿತ್ರ ಬರೆದು ಆಯಾ ಜಾಗದಲ್ಲೇ ಚುಚ್ಚಿಡಿ.

ಎಲ್ಲರೂ ಕೆಡಿಸುವುದು ಕ್ಲಚ್ ಬಿಚ್ಚುವಾಗ. ಅದು ಎಡಮರೆ. ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ತಿರುಗಿಸಿದರೆ ಸಡಿಲವಾಗುತ್ತದೆ, ಬಾಣದ ಗುರುತೂ ಇರುತ್ತದೆ. ಅದು ತಿರುಗುವಾಗ ಎಂಜಿನ್ ತಿರುಗಬಾರದು, ಅದಕ್ಕೆ ಪ್ಲಗ್ ತೂತಿನಿಂದ ಮೆತ್ತನೆಯ ಹಗ್ಗವನ್ನು ಒಳಗೆ ತುರುಕಿ ಪಿಸ್ಟನ್ ತಡೆಯಬೇಕು. ಹಗ್ಗ ಹಾಕುವ ಮುಂಚೆ ಪಿಸ್ಟನ್ ಮೇಲೆ ಬಂದು ಸೈಲೆನ್ಸರ್ ಕಿಂಡಿ ಮುಚ್ಚಿರಲಿ. ಇಲ್ಲದಿದ್ದರೆ ಹಗ್ಗ ಕಿಂಡಿಗೆ ಸಿಕ್ಕಿ ಇನ್ನೊಂದು ತಾಪತ್ರಯ. ಪಿಸ್ಟನ್ ತಡೆಯಲು ಸ್ಕ್ರೂಡ್ರೈವರ್ ಹಾಕಬೇಡಿ, ತಲೆಗೆ ಕುಣಿ ಬೀಳುತ್ತದೆ.

ಸಿಲಿಂಡರ್ ತೆಗೆದ ಮೇಲೆ ಗೋಡೆಗೆ ಉಗುರು ಎಳೆದು ನೋಡಿ. ಬೆಳ್ಳಗೆ ಅಂಟಿದ ಗೆರೆಗಳು ಬಹಳ ಸಲ ಸಿಲಿಂಡರ್‌ನ ಗೀರಲ್ಲ, ಪಿಸ್ಟನ್‌ನ ಅಲ್ಯೂಮಿನಿಯಂ ಕರಗಿ ಹತ್ತಿಕೊಂಡದ್ದು. ಅದನ್ನು ನಯವಾದ ಎಮರಿ ಪೇಪರ್‌ನಿಂದ ಅಡ್ಡಡ್ಡ ತಿಕ್ಕಿ ತೆಗೆಯಬಹುದು. ಪಟ್ಟುಬಿಡದ ಕಲೆಗೆ ಕಕ್ಕಸು ತೊಳೆಯುವ ಆಸಿಡ್ ಅನ್ನು ಕಿವಿಗೆ ಹಾಕುವ ಹತ್ತಿಕಡ್ಡಿಯಲ್ಲಿ ಅದ್ದಿ ಕಲೆಗೆ ಮಾತ್ರ ಸವರಬೇಕು. ನೊರೆ ಬಂದು ನಿಂತ ಮೇಲೆ ಒರೆಸಿ ನೀರಿನಿಂದ ತೊಳೆಯಿರಿ. ಕೈಗವಸು, ಕನ್ನಡಕ ಬೇಕೇ ಬೇಕು, ಬಯಲಲ್ಲಿ ಕೂತು ಮಾಡಿ. ಕಿಂಡಿಗಳ ಅಂಚಿಗೆ ಆಸಿಡ್ ತಾಗಿಸಬೇಡಿ. ಅಲ್ಲಿ ಒಳಗಿನ ಅಲ್ಯೂಮಿನಿಯಂ ಬರಿದಾಗಿರುತ್ತದೆ, ಆಸಿಡ್ ಅದನ್ನು ತಿಂದುಹಾಕುತ್ತದೆ.

ಇಷ್ಟಾದ ಮೇಲೂ ಉಗುರು ತಡೆದರೆ, ಇಲ್ಲವೇ ಗೋಡೆಯ ಲೇಪ ಎದ್ದಿದ್ದರೆ, ಸಿಲಿಂಡರ್ ಸಮೇತ ಬದಲಾಯಿಸಬೇಕು. ಹುಬ್ಬಳ್ಳಿ ಗೋಕುಲ ರಸ್ತೆಯ ಇಂಡಸ್ಟ್ರಿಯಲ್ ಎಸ್ಟೇಟ್ ಕಡೆ ಲೇಥ್‌ನವರಿಗೆ ತೋರಿಸಿದರೆ "ಬೋರ್ ಮಾಡಿ ಕೊಡ್ತೀವ್ರಿ" ಅನ್ನಬಹುದು. ಬೇಡ ಅನ್ನಿ. ಹಳೇ ಬೈಕ್‌ಗೆ ಕಬ್ಬಿಣದ ಸ್ಲೀವ್ ಇರುತ್ತದೆ, ಕೊರೆದು ದೊಡ್ಡ ಪಿಸ್ಟನ್ ಹಾಕಬಹುದು. ಇದರಲ್ಲಿ ಇರುವುದು ಅಲ್ಯೂಮಿನಿಯಂ ಮೇಲೆ ನಿಕಲ್ ಅಥವಾ ಕ್ರೋಮ್‌ನ ತೆಳು ಲೇಪ. ಕೊರೆದರೆ ಲೇಪವೇ ಹೋಯಿತು.

ಗಾಳಿ ಸೋರಿಕೆ

ಇದೊಂದನ್ನು ನಾನು ಮಾಡದೆ ಎರಡು ಪಿಸ್ಟನ್‌ಗೆ ದುಡ್ಡು ಕೊಟ್ಟೆ. ಮೊದಲು ಕಾರ್ಬೊರೇಟರ್ ಹಿಂದಿನ ರಬ್ಬರನ್ನು ಕೈಯಲ್ಲಿ ಹಿಡಿದು ಬಗ್ಗಿಸಿ, ಹಿಂಡಿ, ಬೆಳಕಿಗೆ ಹಿಡಿದು ನೋಡಿ. ಸುಮ್ನೆ ಇಟ್ಟು ನೋಡಿದರೆ ಸೀಳು ಕಾಣುವುದಿಲ್ಲ, ಬಗ್ಗಿಸಿದಾಗಲೇ ಬಾಯಿ ಬಿಡುವುದು.

ಆಮೇಲೆ ಎಂಜಿನ್ ಜೋಡಿಸಿ, ಸೈಲೆನ್ಸರ್ ಕಿಂಡಿಗೆ ಹಳೇ ಸೈಕಲ್ ಟ್ಯೂಬಿನ ತುಂಡು ಇಟ್ಟು ಬಿಗಿ ಮಾಡಿ, ಕಾರ್ಬೊರೇಟರ್ ಕಡೆಯ ಬಾಯಿಯನ್ನೂ ಹಾಗೇ ಮುಚ್ಚಿ, ಕಾರ್ಬೊರೇಟರ್ ಒಳಗಿನ ಡಯಾಫ್ರಮ್‌ಗೆ (ಪೆಟ್ರೋಲ್ ಎಳೆಯುವ ತೆಳು ಪದರ) ಒತ್ತಡ ಕೊಡುವ ಸಣ್ಣ ಪೈಪಿನಿಂದ ಗಾಳಿ ತುಂಬಬೇಕು. ಪ್ಲಗ್ ಹಾಕಿರಲಿ. ಪಂಪ್ ಎಲ್ಲಿಂದ ತರುವುದು ಅಂತೀರಾ? ಬಿ.ಪಿ. ನೋಡುವ ಹಳೇ ಉಪಕರಣದ ಬಲ್ಬ್ ಮತ್ತು ಗಡಿಯಾರದಂಥ ಗೇಜ್ ಸಾಕು. ಅದರ ಮುಳ್ಳು 300ಕ್ಕೆ ಬಂದರೆ ಸುಮಾರು 0.4 ಬಾರ್, ಈ ಕೆಲಸಕ್ಕೆ ಅಷ್ಟು ಒತ್ತಡ ಸಾಲುತ್ತದೆ. ಮುಳ್ಳು ಅಲ್ಲೇ ನಿಲ್ಲಬೇಕು. ಇಳಿದರೆ ಸೋಪಿನ ನೀರು ಹಚ್ಚಿ ಗುಳ್ಳೆ ಎಲ್ಲಿ ಅಂತ ಹುಡುಕಿ: ಫ್ಲೈವೀಲ್ ಹಿಂದಿನ ಆಯಿಲ್ ಸೀಲ್, ಕ್ಲಚ್ ಹಿಂದಿನ ಸೀಲ್, ಸಿಲಿಂಡರ್ ಬುಡದ ಪ್ಯಾಕಿಂಗ್. ಸೀಲ್ ಕೆಲವೊಮ್ಮೆ ಹೊರಗೆ ಸೋರುವುದಿಲ್ಲ, ಒಳಗೆ ಮಾತ್ರ ಗಾಳಿ ಎಳೆಯುತ್ತದೆ. ಹತ್ತು ವರ್ಷ ಹಳೇ ಮಷಿನ್ ಆದರೆ ಪರೀಕ್ಷೆ ಪಾಸಾದರೂ ನಾನು ಎರಡೂ ಸೀಲ್ ಬದಲಾಯಿಸುತ್ತೇನೆ.

ಕಾರ್ಬೊರೇಟರ್

ಎಲ್ (ಮೆಲ್ಲಗಿನ ಓಟಕ್ಕೆ) ಮತ್ತು ಎಚ್ (ಜೋರು ಓಟಕ್ಕೆ) ಸ್ಕ್ರೂಗಳನ್ನು ತೆಗೆಯುವ ಮುಂಚೆ ಮೆಲ್ಲಗೆ ಒಳಗೆ ತಿರುಗಿಸಿ ಎಷ್ಟು ಸುತ್ತು ಅಂತ ಬರೆದುಕೊಳ್ಳಿ. ಬಿಗಿದು ಕೂರಿಸಬೇಡಿ, ಒಳಗಿನ ಆಸನ ಕೆಡುತ್ತದೆ. ಎರಡೂ ಬದಿಯ ಮುಚ್ಚಳ ತೆಗೆದರೆ ಡಯಾಫ್ರಮ್ ಸಿಗುತ್ತದೆ. ಒಳ್ಳೆಯದು ಹಸಿ ಎಲೆಯ ಹಾಗೆ ಮೆತ್ತಗಿರಬೇಕು. ಕೈಯಲ್ಲಿ ಹಿಡಿದರೆ ಹಪ್ಪಳದ ಹಾಗೆ ಸದ್ದು ಮಾಡಿತೋ, ಅದು ಮುಗಿಯಿತು ಅಂತ ಅರ್ಥ. ಯಾವುದರ ಮೇಲೆ ಯಾವುದು ಕೂತಿತ್ತು ಅನ್ನುವುದಕ್ಕೆ ಫೋಟೊ ಬೇಕೇ ಬೇಕು, ಪ್ಯಾಕಿಂಗ್ ಮತ್ತು ಡಯಾಫ್ರಮ್ ಅದಲು ಬದಲಾದರೆ ಪೆಟ್ರೋಲ್ ಏರುವುದೇ ಇಲ್ಲ. ಸಣ್ಣ ಜರಡಿಯನ್ನೂ ತೊಳೆಯಿರಿ. ತೂತುಗಳಿಗೆ ತಂತಿ ಚುಚ್ಚಬೇಡಿ, ಕ್ಲೀನರ್ ಸ್ಪ್ರೇ ಹೊಡೆದು ಗಾಳಿ ಊದಿ.

ಟ್ಯಾಂಕಿನೊಳಗಿನ ಪೈಪ್ ಮತ್ತು ಫಿಲ್ಟರ್ ಹೇಗಿದ್ದರೂ ಹೊಸದೇ ಹಾಕಿ. ಈಗ ಬಂಕ್‌ನಲ್ಲಿ ಸಿಗುವ ಪೆಟ್ರೋಲ್‌ನಲ್ಲಿ ಶೇ. 20ರ ತನಕ ಎಥೆನಾಲ್ ಇರುತ್ತದೆ. ಅದು ನೀರು ಹೀರಿಕೊಳ್ಳುತ್ತದೆ, ಹಳೇ ರಬ್ಬರ್‌ಗೆ ಆಗಿಬರುವುದಿಲ್ಲ.

ಈಗ ಹುಬ್ಬಳ್ಳಿ

ಅಂಗಡಿಯಲ್ಲಿ ನಡೆಯುವುದು ಹೀಗೆ:

"ಯಾವ ಗಾಡಿದ್ರಿ ಇದು?"

"ಗಾಡಿದಲ್ರಿ, ಕಟ್ಟಿಗಿ ಕೊಯ್ಯೂ ಮಷಿನ್ದು."

"ಯಾವ ಕಂಪನಿ?"

"ಗೊತ್ತಿಲ್ರಿ. ಕೇಸರಿ ಬಣ್ಣದ್ದೈತಿ."

ಇಲ್ಲಿಗೆ ಮುಗಿಯಿತು. ಕೇಸರಿ ಬಣ್ಣದ್ದು ನೂರು ಇವೆ. ಬಣ್ಣ, ಹೆಸರು, ಸ್ಟಿಕ್ಕರ್ ಯಾವುದನ್ನೂ ನಂಬಬೇಡಿ. ಹಳೇ ಭಾಗವನ್ನು ಕೈಚೀಲದಲ್ಲಿ ಹಾಕಿಕೊಂಡು, ಎಂಎಂ ಲೆಕ್ಕದಲ್ಲಿ ಅಳೆಯುವ ಒಂದು ವರ್ನಿಯರ್ ಜೇಬಲ್ಲಿಟ್ಟುಕೊಂಡು ಹೋಗಿ. ಅಳತೆ ಹೇಳಿದರೆ ಅಂಗಡಿಯವರ ಮಾತಿನ ಧಾಟಿಯೇ ಬದಲಾಗುತ್ತದೆ.

ಮಾಮಾನ ಮಷಿನ್‌ನದ್ದೇ ಹೇಳುತ್ತೇನೆ. ಮೇಲೆ 58 ಅಂತ ಇದೆ, ಅಂದರೆ 58 ಸಿಸಿ ಅಂತ ನಾವು ತಿಳಿದುಕೊಳ್ಳಬೇಕು. ಅಳೆದರೆ ಬೋರ್ (ಸಿಲಿಂಡರ್‌ನ ಒಳಗಿನ ಅಗಲ) 45.2 ಎಂಎಂ, ಪಿಸ್ಟನ್ ಮೇಲೆ ಕೆಳಗೆ ಓಡಾಡುವ ದೂರ 34 ಎಂಎಂ. ಬೋರನ್ನು ಬೋರಿನಿಂದಲೇ ಗುಣಿಸಿ, 0.785ರಿಂದ ಗುಣಿಸಿ, ಆ ದೂರದಿಂದ ಗುಣಿಸಿ 1000ಕ್ಕೆ ಭಾಗಿಸಿದರೆ ಬಂದದ್ದು 54.5 ಸಿಸಿ. ಬೇರೆ ಬೇರೆ ಹೆಸರಿನಲ್ಲಿ ಬರುವ 52, 58 ನಂಬರಿನ ಚೀನಾ ಮಷಿನ್‌ಗಳಲ್ಲಿ ಬಹಳಷ್ಟು ಒಂದೇ ಮೂಸೆಯವು, ಒಂದರ ಕಾರ್ಬೊರೇಟರ್, ಕ್ಲಚ್, ಸ್ಟಾರ್ಟರ್ ಇನ್ನೊಂದಕ್ಕೆ ಕೂರುತ್ತವೆ. ಇದು ನಮಗೆ ಲಾಭವೇ. ಆದರೆ ಹುಲ್ಲು ಕತ್ತರಿಸುವ 52 ಸಿಸಿ ಮಷಿನ್‌ನ ಪಿಸ್ಟನ್ ಇದಕ್ಕೆ ಬರುವುದಿಲ್ಲ. ಅದರ ಎಂಜಿನ್ ಮೇಲೆ ‘1ಇ44ಎಫ್’ ಅಂತ ಬರೆದಿರುತ್ತದೆ. ಒಂದು ಸಿಲಿಂಡರ್, 44 ಎಂಎಂ ಬೋರ್ ಅಂತ ಅದರ ಅರ್ಥ. "52 ಅಂದ್ರ 52 ರೀ, ಒಂದ ಐತಿ" ಅಂತ ಕೊಟ್ಟುಬಿಡುತ್ತಾರೆ, ಮನೆಗೆ ಬಂದು ನೋಡಿದರೆ ಒಂದು ಎಂಎಂಗಿಂತ ಜಾಸ್ತಿ ಆಟ. ಪಿಸ್ಟನ್ ಕೊಳ್ಳುವಾಗ ಬೋರ್ ಅಷ್ಟೇ ಅಲ್ಲ, ಪಿನ್ನಿನ ದಪ್ಪ, ಪಿನ್ನಿನಿಂದ ತಲೆಯವರೆಗಿನ ಎತ್ತರ, ರಿಂಗ್ ಒಂದೋ ಎರಡೋ, ಎಷ್ಟು ದಪ್ಪ, ಇವನ್ನೂ ಹಳೆಯದರ ಪಕ್ಕ ಇಟ್ಟು ನೋಡಿ.

ಸ್ಟಿಲ್ ಮಷಿನ್ ಇದ್ದವರ ಕೆಲಸ ಸುಲಭ. ಅವರ ಸ್ಪೇರ್ ನಂಬರ್ 11 ಅಂಕಿಯದು, ಮೊದಲ ನಾಲ್ಕು ಅಂಕಿ ಯಾವ ಕುಟುಂಬದ ಮಷಿನ್ ಅಂತ ಹೇಳುತ್ತವೆ. 1130 ಇದ್ದರೆ ಎಂಎಸ್ 170 ಮತ್ತು 180, ಅವುಗಳ ಹಿಂದಿನ 017, 018 ಕೂಡ ಅದರಲ್ಲೇ. 1119 ಅಂದರೆ 038, ಎಂಎಸ್ 380, 381. ಪ್ಲಾಸ್ಟಿಕ್ ಭಾಗಗಳ ಒಳಮೈಯಲ್ಲಿ ಈ ನಂಬರ್ ಅಚ್ಚಾಗಿರುತ್ತದೆ, ಬ್ರಶ್‌ನಿಂದ ತಿಕ್ಕಿ ಓದಿ. ಕುಟುಂಬ ಒಂದೇ ಆದರೂ ಪಿಸ್ಟನ್ ಒಂದೇ ಅಲ್ಲ, ನೆನಪಿರಲಿ: 170ಕ್ಕೆ 37 ಎಂಎಂ, 180ಕ್ಕೆ 38.

ಕಾರ್ಬೊರೇಟರ್‌ಗೆ ಮಷಿನ್ ಹೆಸರೇ ಬೇಡ. ಅದರ ಮೈಮೇಲೆ ವಾಲ್ಬ್ರೊ ಅಥವಾ ಜಾಮಾ ಅಂತ ಇದ್ದು, ಪಕ್ಕದಲ್ಲಿ ‘ಡಬ್ಲ್ಯೂಟಿ’, ‘ಎಚ್‌ಡಿಎ’, ‘ಸಿ1ಕ್ಯೂ’ ಅಂತ ಅಕ್ಷರ, ಮುಂದೆ ನಂಬರ್ ಇರುತ್ತದೆ. ಡಯಾಫ್ರಮ್ ಕಿಟ್ ಸಿಗುವುದು ಆ ನಂಬರಿಗೆ. ಚೀನಾ ಕಾರ್ಬೊರೇಟರ್ ಆದರೆ ಕಿಟ್ ಹುಡುಕುವ ಬದಲು ಪೂರ್ತಿ ಕಾರ್ಬೊರೇಟರ್ ತರುವುದೇ ಲೇಸು. ಬೋಲ್ಟ್ ತೂತುಗಳ ಅಂತರ, ಬಾಯಿಯ ಅಗಲ, ಪೆಟ್ರೋಲ್ ಪೈಪ್ ಯಾವ ಬದಿಗೆ ಅನ್ನುವುದನ್ನು ಹೋಲಿಸಿ ತನ್ನಿ.

ಬೇರಿಂಗ್ ಮತ್ತು ಆಯಿಲ್ ಸೀಲ್‌ಗೆ ಚೈನ್‌ಸಾ ಅಂಗಡಿಯೇ ಬೇಕಾಗಿಲ್ಲ. ಬೇರಿಂಗ್ ಅಂಚಿನಲ್ಲಿ ನಂಬರ್ ಕೊರೆದಿರುತ್ತದೆ. 6202 ಅಂದರೆ ಒಳಗೆ 15, ಹೊರಗೆ 35, ದಪ್ಪ 11 ಎಂಎಂ, ಜಗತ್ತಿನಲ್ಲಿ ಎಲ್ಲಿ ಕೊಂಡರೂ ಅಷ್ಟೇ. ‘ಸಿ3’ ಇರುವುದನ್ನು ಕೇಳಿ, ಕಾದಾಗ ಹಿಗ್ಗಲು ಅದರಲ್ಲಿ ಜಾಗ ಜಾಸ್ತಿ. ಸೀಲ್ ಕೂಡ ಹಾಗೇ ಒಳಗೆ, ಹೊರಗೆ, ದಪ್ಪ ಅಂತ ಮೂರು ಅಳತೆ ಹೇಳಿದರೆ ಹುಬ್ಬಳ್ಳಿಯ ಯಾವ ಬೇರಿಂಗ್ ಅಂಗಡಿಯಲ್ಲೂ ಕೊಡುತ್ತಾರೆ.

ಪ್ಲಗ್ ವಿಷಯ ಚಿಕ್ಕದು. ಬಹಳ ಮಷಿನ್‌ಗೆ ಎನ್‌ಜಿಕೆ ಬಿಪಿಎಂಆರ್7ಎ ಕೂರುತ್ತದೆ, ಸಂದು 0.5 ಎಂಎಂ. ಮರೆ ಹೊಂದಿತು ಅಂತ ಬೈಕ್‌ನ ಉದ್ದ ಪ್ಲಗ್ ಹಾಕಿದರೆ ಪಿಸ್ಟನ್ ತಲೆಗೇ ಬಡಿಯಬಹುದು.

ಒರಿಜಿನಲ್ಲೋ ಲೋಕಲ್ಲೋ? ಏರ್ ಫಿಲ್ಟರ್ ಕವರ್, ಹಿಡಿಕೆ, ಹಗ್ಗ, ಸ್ಟಾರ್ಟರ್ ಇವೆಲ್ಲ ಲೋಕಲ್ ನಡೆಯುತ್ತದೆ. ಪಿಸ್ಟನ್ ಪಿನ್ ಜಾರದಂತೆ ಹಿಡಿಯುವ ಸಣ್ಣ ಬಳೆ ಅಂದರೆ ಸರ್ಕ್ಲಿಪ್, ಆಯಿಲ್ ಸೀಲ್, ಪೆಟ್ರೋಲ್ ಪೈಪ್ ಇವುಗಳಲ್ಲಿ ಜಿಪುಣತನ ಬೇಡ. ಸರ್ಕ್ಲಿಪ್ ಒಂದು ಹಾರಿದರೆ ಸಿಲಿಂಡರ್ ಪೂರ್ತಿ ಕಿತ್ತುಹಾಕುತ್ತದೆ. ‘ಯುನಿವರ್ಸಲ್’ ಅಂತ ಬರೆದ ಪೊಟ್ಟಣ ಕಂಡರೆ ನನಗೆ ಮೊದಲೇ ಅನುಮಾನ. ಹಾನಗಲ್, ಶಿಗ್ಗಾಂವಿ ಕಡೆಯವರಾದರೆ ಹುಬ್ಬಳ್ಳಿ ಜೊತೆಗೆ ಶಿರಸಿಯಲ್ಲೂ ಒಮ್ಮೆ ಕೇಳಿ ನೋಡಿ. ಅಡಿಕೆ, ಕಾಡು ಇರುವ ಊರಿನ ಮೆಕ್ಯಾನಿಕ್‌ಗಳ ಕೈಗೆ ಈ ಮಷಿನ್ ದಿನಾ ಬರುತ್ತದೆ. ಗುಜರಿಯಲ್ಲಿ ಅದೇ ಮೂಸೆಯ ಇನ್ನೊಂದು ಸತ್ತ ಮಷಿನ್ ತೂಕಕ್ಕೆ ಸಿಕ್ಕರೆ ಬಿಡಬೇಡಿ, ಬಿಡಿ ಕೊಳ್ಳಲು ಸಿಗದ ಎಷ್ಟೋ ಸಣ್ಣ ಭಾಗ ಅದರಲ್ಲಿರುತ್ತವೆ.

ಚೈನ್ ಮತ್ತು ಬಾರ್

"22 ಇಂಚಿನ ಚೈನ್ ಕೊಡ್ರಿ" ಅಂದರೆ ಸಾಲದು. ಮೂರು ಸಂಖ್ಯೆ ಬೇಕು. ಒಂದು, ಪಿಚ್: ಸಾಲಾಗಿ ಮೂರು ರಿವೆಟ್‌ಗಳ ನಡುವಿನ ದೂರ ಅಳೆದು ಅರ್ಧ ಮಾಡಿ. ಮೂರು ರಿವೆಟ್‌ಗೆ 16.5 ಎಂಎಂ ಬಂದರೆ ಪಿಚ್ .325 ಇಂಚು, 19 ಎಂಎಂ ಬಂದರೆ 3/8 ಇಂಚು. ಎರಡನೆಯದು, ಬಾರ್‌ನ ಸಂದಿಗೆ ಇಳಿಯುವ ಹಲ್ಲಿನ ದಪ್ಪ: 1.3, 1.5, 1.6 ಎಂಎಂ ಹೀಗೆ. ಮೂರನೆಯದು, ಆ ಹಲ್ಲುಗಳು ಎಷ್ಟಿವೆ ಅನ್ನುವ ಲೆಕ್ಕ. ಮಾಮಾನ 22 ಇಂಚಿನ ಬಾರ್‌ಗೆ .325, 1.5 ಎಂಎಂ, 86 ಹಲ್ಲು. ಬಹಳ ಬಾರ್‌ಗಳ ಬುಡದಲ್ಲಿ ಇದೆಲ್ಲ ಅಚ್ಚಾಗಿರುತ್ತದೆ. ಹೊಸ ಬಾರ್ ಕೊಳ್ಳುವಾಗ ಹಳೆಯದನ್ನು ಅದರ ಮೇಲಿಟ್ಟು ಬುಡದ ಸಂದಿಯ ಅಗಲ, ಆಯಿಲ್ ತೂತು, ಚೈನ್ ಬಿಗಿಯುವ ಪಿನ್ನಿನ ತೂತು ಮೂರೂ ಕೂರುತ್ತವೆಯೇ ನೋಡಿ. ಚೈನ್ ಓಡಿಸುವ ಹಲ್ಲಿನ ಚಕ್ರ, ಅಂದರೆ ಸ್ಪ್ರಾಕೆಟ್, ಸವೆದಿದ್ದರೆ ಹೊಸ ಚೈನ್ ಹಾಕಿದರೂ ವ್ಯರ್ಥ. ಎರಡು ಚೈನ್ ಸವೆಯುವಷ್ಟರಲ್ಲಿ ಒಂದು ಸ್ಪ್ರಾಕೆಟ್ ಅನ್ನುವುದು ಲೆಕ್ಕ.

ಮಸೆಯಲು .325ಕ್ಕೆ 4.8 ಎಂಎಂ ದುಂಡು ಅರ, ಕೋನ 30 ಡಿಗ್ರಿ. ಸಾಗವಾನಿ ಕೊಯ್ಯುವವರು ಅರ ಜೊತೆಗೇ ಇಟ್ಟುಕೊಳ್ಳಿ, ಅದರ ಮರದಲ್ಲೇ ಮರಳಿನಂಥ ಅಂಶ ಇರುವುದರಿಂದ ಚೈನ್ ಬೇಗ ಮೊಂಡಾಗುತ್ತದೆ.

ಜೋಡಿಸಿ ಚಾಲೂ ಮಾಡುವುದು

ಪಿಸ್ಟನ್ ತಲೆಯ ಬಾಣ ಸೈಲೆನ್ಸರ್ ಕಡೆಗೆ. ರಿಂಗಿನ ಬಾಯಿ, ರಿಂಗ್ ಕೂರುವ ಸಂದಿಯಲ್ಲಿರುವ ಸಣ್ಣ ಪಿನ್ನಿನ ಎದುರಿಗೆ. ಸರ್ಕ್ಲಿಪ್‌ನ ಬಾಯಿ ಮೇಲಕ್ಕೆ ಇಲ್ಲವೇ ಕೆಳಕ್ಕೆ, ಪಕ್ಕಕ್ಕೆ ಬೇಡ. ಸರ್ಕ್ಲಿಪ್ ಹಾಕುವಾಗ ಕ್ರ್ಯಾಂಕ್ ಬಾಯಿಗೆ ಬಟ್ಟೆ ತುರುಕಿ, ಕೈತಪ್ಪಿದರೆ ಅದು ನೇರ ಹೊಟ್ಟೆಗೇ ಹೋಗುವುದು. ಎಲ್ಲಕ್ಕೂ 2ಟಿ ಆಯಿಲ್ ಸವರಿ ಜೋಡಿಸಿ.

ಒಳ್ಳೆ ದರ್ಜೆಯ 2ಟಿ ಆಯಿಲ್ ಆದರೆ ಲೀಟರ್‌ಗೆ 20 ಎಂಎಲ್, ಸಾಮಾನ್ಯದ್ದಾದರೆ 40. ನಾನು ಹೊಸ ಪಿಸ್ಟನ್‌ಗೆ ಮೊದಲ ಟ್ಯಾಂಕ್ 40ರ ಲೆಕ್ಕದಲ್ಲೇ ಹಾಕಿದೆ. ಬೇರೆ ಡಬ್ಬಿಯಲ್ಲಿ ಕಲಸಿ ಹೊಯ್ಯಿರಿ, ಟ್ಯಾಂಕಿನಲ್ಲೇ ಕಲಸಬೇಡಿ.

ಬಾರ್, ಚೈನ್, ಕವರ್ ಹಾಕಿ, ಮಷಿನ್ ನೆಲಕ್ಕಿಟ್ಟು, ಹಿಂದಿನ ಹಿಡಿಕೆಯನ್ನು ಕಾಲಿನಿಂದ ಒತ್ತಿ, ಚೈನ್ ಬ್ರೇಕ್ ಹಾಕಿ ಚಾಲೂ ಮಾಡಿ. ಚಾಲೂ ಆದ ಮೇಲೆ ಬ್ರೇಕ್ ಬಿಡಿ. ಎಲ್, ಎಚ್ ಎರಡೂ ಸ್ಕ್ರೂ ಒಂದರಿಂದ ಒಂದೂವರೆ ಸುತ್ತು ಹೊರಗಿರಲಿ. ಬಿಸಿಯಾದ ಮೇಲೆ ಎಲ್ ಸ್ಕ್ರೂನಿಂದ ಮೆಲ್ಲಗಿನ ಓಟ ಸರಿಮಾಡಿ, ಆಗ ಚೈನ್ ತಿರುಗಬಾರದು. ಎಚ್ ಸ್ಕ್ರೂ ಕಿವಿಯ ಕೆಲಸ. ಪೂರ್ತಿ ಎಕ್ಸಿಲರೇಟರ್ ಕೊಟ್ಟಾಗ ಸದ್ದು ಸ್ವಲ್ಪ ಗುರ್ ಗುರ್ ಅಂತ ಒಡಕಾಗಿರಬೇಕು, ಮರಕ್ಕೆ ತಾಗಿಸಿದಾಗ ಆ ಒಡಕು ಹೋಗಿ ಒಂದೇ ಸಮ ಆಗಬೇಕು. ಕೀ ಅಂತ ಚೀರುವ ಸದ್ದು ಕೇಳಲು ಚಂದ, ಆದರೆ ಪಿಸ್ಟನ್ ಸಾಯುವ ಮುಂಚಿನ ಸದ್ದು ಅದೇ. ಎಕ್ಸಿಲರೇಟರ್ ಬಿಟ್ಟರೂ ಓಟ ಬೇಗ ಇಳಿಯದಿದ್ದರೆ ಕೂಡಲೇ ನಿಲ್ಲಿಸಿ. ಎಲ್ಲೋ ಇನ್ನೂ ಗಾಳಿ ಎಳೆಯುತ್ತಿದೆ.

ಕಡೆಗೆ ಬಾರ್‌ನ ತುದಿಯನ್ನು ಒಂದು ರಟ್ಟಿನ ಹತ್ತಿರ ಹಿಡಿದು, ತಾಗಿಸದೆ, ಅರ್ಧ ಎಕ್ಸಿಲರೇಟರ್ ಕೊಡಿ. ರಟ್ಟಿನ ಮೇಲೆ ಚೈನ್ ಆಯಿಲ್‌ನ ಗೆರೆ ಮೂಡಬೇಕು. ನಮ್ಮ ಕಡೆ ಎಲ್ಲರೂ ಟ್ರ್ಯಾಕ್ಟರ್‌ನ ಸುಟ್ಟ ಆಯಿಲ್ ಹಾಕುತ್ತಾರೆ. ಅದರೊಳಗಿನ ಲೋಹದ ಪುಡಿ ಪಂಪನ್ನೂ ಬಾರನ್ನೂ ತಿನ್ನುತ್ತದೆ, ಹೊಸ ಆಯಿಲೇ ಹಾಕಿ. ಮಾಮಾನ ಮಷಿನ್‌ನಲ್ಲಿ ಮೊದಲ ಸಲ ಗೆರೆ ಮೂಡಲೇ ಇಲ್ಲ. ಆಯಿಲ್ ಪಂಪ್ ಇರುವುದು ಕ್ಲಚ್ ಹಿಂದೆ. ಮತ್ತೆ ಪ್ಲಗ್ ತೆಗೆದು, ಹಗ್ಗ ತುರುಕಿ, ಎಡಮರೆ ಬಿಚ್ಚಿದೆ. ಜರಡಿಯಲ್ಲಿ ಮೂರು ವರ್ಷದ ಕಸ ಗೋಂದಿನ ಹಾಗೆ ಗಟ್ಟಿಯಾಗಿ ಕೂತಿತ್ತು.